ಮೊಳೆಯದ ಬೀಜಕ್ಕೆ ಚೀಲದ ಬೆಲೆಯಷ್ಟೇ ಪರಿಹಾರವೇ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಬಿತ್ತನೆಯ ಹದ ಕೆಲವೇ ದಿನಗಳದು. ಆಗ ಹಾಕಿದ ಬೀಜ ಮೊಳೆಯದಿದ್ದರೆ ರೈತ ಕಳೆದುಕೊಳ್ಳುವುದು ಚೀಲದ ಬೆಲೆಯನ್ನಷ್ಟೇ ಅಲ್ಲ. ಉಳುಮೆ, ಗೊಬ್ಬರ, ಕೂಲಿ, ಕೆಲವೊಮ್ಮೆ ಇಡೀ ಹಂಗಾಮನ್ನು. ಮಾರಾಟಗಾರ ಇನ್ನೊಂದು ಚೀಲ ಕೊಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮು ಈ ಬಗ್ಗೆ ಸ್ಪಷ್ಟವಾಗಿದೆ. ಕರಾರು ಮುರಿದವನು, ಅದರಿಂದ ಸಹಜವಾಗಿ ಉಂಟಾದ ಅಥವಾ ಕರಾರಿನ ವೇಳೆಗೇ ಇಬ್ಬರಿಗೂ ತಿಳಿದಿದ್ದ ನಷ್ಟವನ್ನು ತುಂಬಿಕೊಡಬೇಕು. ಸರಕನ್ನೇ ಕೊಡದಿದ್ದರೆ, ಒಪ್ಪಿದ ದರಕ್ಕಿಂತ ಅಂದಿನ ಪೇಟೆ ದರ ಎಷ್ಟು ಹೆಚ್ಚಿತ್ತೋ ಅಷ್ಟು ಕೊಳ್ಳುವವನಿಗೆ ಸಲ್ಲಬೇಕು. ದೋಷಯುಕ್ತ ಸರಕು ಕೊಟ್ಟರೆ, 1930ರ ಸರಕು ಮಾರಾಟ ಕಾಯ್ದೆಯ 59ನೇ ಕಲಮಿನಂತೆ ಬೆಲೆ ಕಡಿತವನ್ನೂ ನಷ್ಟಭರ್ತಿಯನ್ನೂ ಕೇಳಬಹುದು. ಬೀಜ ಒಯ್ಯುವುದು ಬಿತ್ತುವುದಕ್ಕೆಂದು ಮಾರುವವನಿಗೆ ತಿಳಿದಿರುವಾಗ ಬೆಳೆನಷ್ಟವನ್ನು ದೂರದ ನಷ್ಟವೆನ್ನಲಾಗದು. ಬೀಜ ಕೊಳ್ಳುವ ರೈತನೂ ಗ್ರಾಹಕನೇ ಎಂದು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪಿತ್ತಿದೆ.

ಹಕ್ಕೇನೋ ಇದೆ, ತೊಡಕಿರುವುದು ಪುರಾವೆಯಲ್ಲಿ. ಮಳೆ ಕೈಕೊಟ್ಟಿತು, ಬೀಜ ಆಳಕ್ಕೆ ಬಿತ್ತು ಎಂಬ ವಾದಗಳು ಸಿದ್ಧವಾಗಿರುತ್ತವೆ. ಅವು ಕೆಲವೊಮ್ಮೆ ನಿಜವೂ ಹೌದು. ಜೊತೆಗೆ, ನಷ್ಟ ತಗ್ಗಿಸಲು ಕೊಳ್ಳುವವನಿಗಿದ್ದ ದಾರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅದೇ 73ನೇ ಕಲಮು ಹೇಳುತ್ತದೆ. ಅಂದರೆ ಹದವಿರುವಾಗಲೇ ರೈತ ಮರುಬಿತ್ತನೆ ಮಾಡಬೇಕು. ಆದರೆ ಹೊಲವನ್ನು ಹರಗಿದೊಡನೆ ಸಾಕ್ಷ್ಯವೂ ಮಣ್ಣುಪಾಲು! ಕಾನೂನನ್ನು ಪಾಲಿಸಿದವನೇ ಕೈಸೋಲುವ ವಿಪರ್ಯಾಸವಿದು.

ಇದನ್ನು ನಿವಾರಿಸುವ ಹೊಣೆ ಸರ್ಕಾರದ್ದು. ದೂರು ಬಂದ ಮೂರು ದಿನಗಳೊಳಗೆ ಕೃಷಿ ಅಧಿಕಾರಿಗಳು ಮಾರಾಟಗಾರನಿಗೂ ತಿಳಿಸಿ ಹೊಲ ಪರಿಶೀಲಿಸಬೇಕು. ಮೊಳಕೆಯ ಪ್ರಮಾಣ, ಮಣ್ಣಿನ ತೇವ, ಲಾಟ್ ಸಂಖ್ಯೆ, ನೆರೆಹೊಲದ ಸ್ಥಿತಿ ದಾಖಲಾಗಿ, ವರದಿಯ ಪ್ರತಿ ಅಲ್ಲಿಯೇ ರೈತನ ಕೈಸೇರಬೇಕು. ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ನೆರವನ್ನೂ ಪಡೆಯಬಹುದು.

ರೈತರೂ ರಸೀದಿ, ಚೀಲ, ಚೀಟಿಗಳ ಜೊತೆ ಹಿಡಿ ಬೀಜವನ್ನು ತೆಗೆದಿಡಲಿ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರಿತ್ತರೆ ಸಾಕು. ಆದರೆ ಆಯೋಗ ಎರಡು ವರ್ಷ ಕಾಯಬಲ್ಲದು, ಹೊಲ ಕಾಯಲಾರದು. ಆಡಳಿತ ಚುರುಕಾಗಬೇಕಾದದ್ದು ಆ ಮೊದಲ ವಾರದಲ್ಲಿ.