ಅಚ್ಚಿಗೆ ಮುನ್ನ ಒಂದು ಫೋನ್ ಕರೆ

2018ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ‘ಆರ್ಕೈವ್’ ಜಾಲತಾಣಕ್ಕೆ ಒಂದು ಪ್ರಬಂಧ ಏರಿಸಿದರು. ಬೇರೆ ತಜ್ಞರ ಪರಿಶೀಲನೆ ಮುಗಿಯುವ ಮೊದಲೇ ಪ್ರಬಂಧಗಳನ್ನು ಎಲ್ಲರ ಮುಂದಿಡುವ ತಾಣ ಅದು. ಚಿನ್ನ ಮತ್ತು ಬೆಳ್ಳಿಯ ನ್ಯಾನೊ ರಚನೆಗಳು 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೂಪರ್‌ಕಂಡಕ್ಟರ್ ಆಗುತ್ತವೆ ಎಂಬುದು ಪ್ರಬಂಧದ ಸಾರ. ವಿದ್ಯುತ್ತು ಒಂದಿಷ್ಟೂ ಅಡೆತಡೆಯಿಲ್ಲದೆ ಹರಿಯುವ ಈ ಸ್ಥಿತಿಗೆ ಸಾಮಾನ್ಯ ಒತ್ತಡದಲ್ಲಿ ಅಲ್ಲಿಯವರೆಗಿದ್ದ ದಾಖಲೆ ಮೈನಸ್ 140 ಡಿಗ್ರಿಯ ಆಸುಪಾಸಿನದು. ಒಂದೇ ನೆಗೆತಕ್ಕೆ ನೂರು ಡಿಗ್ರಿ ದಾಟಿದ ಹಾಗೆ! ಸುದ್ದಿ ದೊಡ್ಡದಾಗಲೇಬೇಕಿತ್ತು, ಆಯಿತು.

ಕೆಲವೇ ವಾರಗಳಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಅದೇ ಪ್ರಬಂಧದ ಒಂದು ಗ್ರಾಫ್ ನೋಡಿ ಹುಬ್ಬೇರಿಸಿದರು. ಯಾವ ಉಪಕರಣದ ಅಳತೆಯಲ್ಲೂ ಸಣ್ಣಪುಟ್ಟ ಏರುಪೇರು ಇದ್ದೇ ಇರುತ್ತದೆ. ಅದಕ್ಕೆ ‘ನಾಯ್ಸ್’ ಎನ್ನುತ್ತಾರೆ. ಎರಡು ಬೇರೆ ಬೇರೆ ಸಲ ಅಳೆದರೆ ಈ ಏರುಪೇರು ಒಂದೇ ಥರ ಬರುವುದಿಲ್ಲ. ಬೆಂಗಳೂರಿನ ಗ್ರಾಫಿನಲ್ಲಿ ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಎರಡು ಸಾಲು ಚುಕ್ಕಿಗಳು ಅಚ್ಚೊತ್ತಿದಂತೆ ಒಂದೇ ಬಗೆಯಲ್ಲಿ ಕುಣಿದಿದ್ದವು. ಸ್ಕಿನ್ನರ್ ಇದನ್ನು ಬರೆದು ಅದೇ ಆರ್ಕೈವ್‌ನಲ್ಲಿ ಹಾಕಿದರು. ಸಂಶೋಧಕರು ತಮ್ಮ ಅಳತೆಗಳನ್ನು ಬಿಟ್ಟುಕೊಡಲಿಲ್ಲ. ಮರುವರ್ಷ ಇನ್ನಷ್ಟು ಲೇಖಕರೊಡನೆ, ಹೆಚ್ಚಿನ ವಿವರಗಳೊಡನೆ ಪ್ರಬಂಧವನ್ನು ಪರಿಷ್ಕರಿಸಿದರು. ಆದರೆ ಆ ಫಲಿತಾಂಶ ಜಗತ್ತಿನ ಪ್ರಯೋಗಾಲಯಗಳ ಒಪ್ಪಿಗೆ ಪಡೆದು ಪಠ್ಯಪುಸ್ತಕಕ್ಕೆ ಏರಿಲ್ಲ.

ಆ ಗ್ರಾಫ್ ಯಾರಿಗೂ ಗುಟ್ಟಾಗಿರಲಿಲ್ಲ ಎಂಬುದು ಪತ್ರಿಕೆಗಳ ಮಟ್ಟಿಗೆ ಮುಖ್ಯ ಸಂಗತಿ. ಮೊದಲ ದಿನವೇ ಯಾರು ಬೇಕಾದರೂ ನೋಡಬಹುದಿತ್ತು. ವರದಿಗಾರನಿಗೆ ನಾಯ್ಸ್ ಓದಲು ಬರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಓದಬಲ್ಲ ಒಬ್ಬರಿಗೆ, ಆ ಪ್ರಬಂಧದಿಂದ ಲಾಭವೂ ಇಲ್ಲದ ನಷ್ಟವೂ ಇಲ್ಲದ ಒಬ್ಬರಿಗೆ ಫೋನ್ ಮಾಡಿ ‘ಇದನ್ನೊಮ್ಮೆ ನೋಡ್ತೀರಾ ಸರ್?’ ಎಂದು ಕೇಳುವುದು ಮಾತ್ರ ಅವನ ಕೆಲಸವೇ. ವಿಜ್ಞಾನ ಮತ್ತು ತಂತ್ರಜ್ಞಾನದ ಪತ್ರಿಕೆಯೊಂದಕ್ಕೆ ನಿಯಮಾವಳಿ ಬರೆಯಲು ಕೂತರೆ ಪುಟಗಟ್ಟಲೆ ಬರೆಯಬಹುದು. ಆದರೆ ಈ ಒಂದು ಕರೆ ಇಲ್ಲದಿದ್ದರೆ ಉಳಿದದ್ದೆಲ್ಲ ಗೋಡೆಗೆ ತೂಗುಹಾಕುವ ಚೌಕಟ್ಟು.

ಕರೆ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು 2015ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ ಬೇಕೆಂದೇ ತೋರಿಸಿದ. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ‘ಅಧ್ಯಯನ’ವನ್ನು ಜರ್ಮನಿಯಲ್ಲಿ ನಿಜವಾಗಿಯೇ ನಡೆಸಿ, ದುಡ್ಡು ಕೊಟ್ಟರೆ ಪ್ರಕಟಿಸುವ ಜರ್ನಲ್ ಒಂದರಲ್ಲಿ ಅಚ್ಚು ಹಾಕಿಸಿದ. ಫಲಿತಾಂಶಕ್ಕೆ ಲೆಕ್ಕ ಸಿಕ್ಕಿದ್ದು ಹದಿನೈದೇ ಜನರಿಂದ. ಅವರಲ್ಲಿ ತೂಕ, ಕೊಲೆಸ್ಟರಾಲ್, ನಿದ್ದೆ ಎಂದು ಹದಿನೆಂಟು ಬಗೆಯ ಅಳತೆ. ಇಷ್ಟು ಕಡಿಮೆ ಜನರಲ್ಲಿ ಇಷ್ಟೊಂದು ಅಳೆದರೆ ಯಾವುದಾದರೊಂದು ಅಳತೆಯಲ್ಲಿ ಆಕಸ್ಮಿಕವಾಗಿ ‘ಗಮನಾರ್ಹ ವ್ಯತ್ಯಾಸ’ ಸಿಕ್ಕೇ ಸಿಗುತ್ತದೆ. ಸಿಕ್ಕಿತು. ಜರ್ಮನಿಯ ‘ಬಿಲ್ಡ್’ ಪತ್ರಿಕೆಯ ಮುಖಪುಟಕ್ಕೂ ಹೋಯಿತು, ಅಲ್ಲಿಂದ ದೇಶ ದೇಶ ಸುತ್ತಿತು. ಎಷ್ಟು ಜನರ ಮೇಲೆ ಪ್ರಯೋಗ ಮಾಡಿದಿರಿ ಎಂದು ಕೇಳಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಚಾಕೊಲೇಟ್ ಪ್ರಿಯ ಓದುಗರನ್ನು ಇದರಲ್ಲಿ ಬಯ್ಯುವಂತಿಲ್ಲ ಬಿಡಿ.

ಅಮೆರಿಕದ ಥೆರಾನೋಸ್ ಪ್ರಕರಣದ ಪಾಠ ಇನ್ನೂ ದೊಡ್ಡದು. ಎಲಿಜಬೆತ್ ಹೋಮ್ಸ್ 2003ರಲ್ಲಿ ಕಟ್ಟಿದ ಆ ಕಂಪನಿ ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇನೆಂದು ಹೇಳುತ್ತಿತ್ತು. 2014ರ ಜೂನ್‌ನಲ್ಲಿ ‘ಫಾರ್ಚೂನ್’ ಆಕೆಯನ್ನು ಮುಖಪುಟದಲ್ಲಿ ಹಾಕಿತು. ಕಂಪನಿಯ ಬೆಲೆ ಒಂಬತ್ತು ಬಿಲಿಯನ್ ಡಾಲರಿಗೆ ಏರಿತು. ಆಡಳಿತ ಮಂಡಳಿಯಲ್ಲಿ ಮಾಜಿ ವಿದೇಶಾಂಗ ಸಚಿವರಾದ ಹೆನ್ರಿ ಕಿಸಿಂಜರ್, ಜಾರ್ಜ್ ಶುಲ್ಟ್ಸ್‌ರಂಥ ಘನಗಂಭೀರ ಹೆಸರುಗಳಿದ್ದವು. ರಕ್ತಪರೀಕ್ಷೆಯ ಬಗ್ಗೆ ಅವರಿಗೇನು ಗೊತ್ತು ಎಂಬ ಸಾದಾ ಪ್ರಶ್ನೆ ಯಾರಿಗೂ ಹೊಳೆಯದಷ್ಟು ಘನ.

‘ವಾಲ್ ಸ್ಟ್ರೀಟ್ ಜರ್ನಲ್’ನ ಜಾನ್ ಕ್ಯಾರಿರೂ ಬೇರೆ ದಾರಿ ಹಿಡಿದರು. ಆಡಳಿತ ಮಂಡಳಿಯನ್ನು ಬಿಟ್ಟು, ಕೆಲಸ ತೊರೆದ ಪ್ರಯೋಗಾಲಯ ಸಿಬ್ಬಂದಿಯನ್ನು, ವಿಚಿತ್ರ ವರದಿಗಳನ್ನು ಕಂಡ ವೈದ್ಯರನ್ನು, ರೋಗಿಗಳನ್ನು ಹುಡುಕಿ ಮಾತನಾಡಿಸಿದರು. ಬಹುಪಾಲು ಪರೀಕ್ಷೆಗಳನ್ನು ಥೆರಾನೋಸ್ ಮಾಮೂಲಿಯಾಗಿ ಮಾರುಕಟ್ಟೆಯಲ್ಲಿ ಸಿಗುವ ಬೇರೆ ಕಂಪನಿಗಳ ಯಂತ್ರಗಳಲ್ಲೇ ಮಾಡುತ್ತಿದೆ ಎಂಬ ವರದಿ 2015ರ ಅಕ್ಟೋಬರ್‌ನಲ್ಲಿ ಹೊರಬಿತ್ತು. ಆ ಪತ್ರಿಕೆಯ ಒಡೆಯ ರೂಪರ್ಟ್ ಮರ್ಡೋಕ್ ಇದೇ ಥೆರಾನೋಸ್‌ನಲ್ಲಿ 125 ಮಿಲಿಯನ್ ಡಾಲರ್ ಹೂಡಿದ್ದರು. ವರದಿ ತಡೆಯಿರೆಂದು ಹೋಮ್ಸ್ ಅವರ ಬಳಿ ಹೋಗಿ ಕೇಳಿಕೊಂಡರೂ ಅವರು ಸಂಪಾದಕರ ಕೆಲಸಕ್ಕೆ ಕೈ ಹಾಕಲಿಲ್ಲ. ಮರ್ಡೋಕ್‌ರನ್ನು ಪತ್ರಿಕಾ ಧರ್ಮದ ಮಾದರಿಯೆಂದು ತೋರಿಸುವವರು ಕಡಿಮೆ. ಆದರೂ ಈ ಒಂದು ವಿಷಯದಲ್ಲಿ ಶ್ರೇಯ ಅವರಿಗೆ ಸಲ್ಲಬೇಕು. ಫಾರ್ಚೂನ್‌ನ ಲೇಖಕ ರೋಜರ್ ಪಾರ್ಲೋಫ್ ಕೂಡ ಆ ಡಿಸೆಂಬರ್‌ನಲ್ಲಿ ತಾನು ಹೇಗೆ ದಾರಿ ತಪ್ಪಿದೆ ಎಂಬುದನ್ನು ತನ್ನ ಹೆಸರಿನಲ್ಲೇ ವಿವರವಾಗಿ ಬರೆದರು.

ಇದಕ್ಕೆ ತದ್ವಿರುದ್ಧದ್ದು ಅಮೆರಿಕದ ತಂತ್ರಜ್ಞಾನ ಸುದ್ದಿತಾಣ ಸಿನೆಟ್‌ನ ಕತೆ. 2013ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸಿನೆಟ್ ಸಂಪಾದಕರು ‘ಡಿಶ್’ ಕಂಪನಿಯ ವಿಡಿಯೊ ರೆಕಾರ್ಡರ್ ಒಂದನ್ನು ಅತ್ಯುತ್ತಮ ವಸ್ತುವೆಂದು ಆರಿಸಿದರು. ಸಿನೆಟ್‌ನ ಒಡೆತನ ಹೊಂದಿದ್ದ ಸಿಬಿಎಸ್‌ಗೂ ಡಿಶ್‌ಗೂ ಕೋರ್ಟಿನಲ್ಲಿ ಜಗಳ ನಡೆದಿತ್ತು. ಮೇಲಿಂದ ಆದೇಶ ಬಂತು, ಪ್ರಶಸ್ತಿ ಬೇರೆಯವರ ಪಾಲಾಯಿತು. ವರದಿಗಾರ ಗ್ರೆಗ್ ಸ್ಯಾಂಡೊವಲ್ ರಾಜೀನಾಮೆ ಕೊಟ್ಟು ಹೊರನಡೆದರು. ಹತ್ತು ವರ್ಷದ ನಂತರ, ಬೇರೆ ಒಡೆಯರ ಕೈಯಲ್ಲಿ, ಅದೇ ಸಿನೆಟ್ ಯಂತ್ರದಿಂದ ಬರೆಸಿದ 77 ಹಣಕಾಸು ಲೇಖನಗಳನ್ನು ಸಿಬ್ಬಂದಿಯ ಬರಹ ಎಂಬಂತೆ ಪ್ರಕಟಿಸಿತ್ತೆಂದು ಬಯಲಾಯಿತು. ಅವುಗಳಲ್ಲಿ 41ಕ್ಕೆ ತಿದ್ದುಪಡಿ ಹಾಕಬೇಕಾಯಿತು. ಹತ್ತು ಸಾವಿರ ಡಾಲರಿಗೆ ಶೇಕಡಾ ಮೂರರ ಬಡ್ಡಿ ಸೇರಿಸಿದರೆ ವರ್ಷಕ್ಕೆ 10,300 ಡಾಲರ್ ಗಳಿಕೆ ಎಂದು ಒಂದು ಲೇಖನ ಹೇಳಿತ್ತು. ಗಳಿಕೆ ಮುನ್ನೂರೇ ಡಾಲರ್. ಹೈಸ್ಕೂಲು ಹುಡುಗಿಯೂ ಹಿಡಿಯುವ ತಪ್ಪು ಅದು, ಹಿಡಿಯಲು ಅಲ್ಲಿ ಯಾರಾದರೂ ಇದ್ದಿದ್ದರೆ.

ಒಡೆಯನ ಹಂಗಿಲ್ಲದಿದ್ದರೆ ಇದೆಲ್ಲ ಆಗುವುದಿಲ್ಲ ಎಂದುಕೊಳ್ಳುವವರಿಗೆ 2022ರ ಅಕ್ಟೋಬರ್‌ನ ‘ದಿ ವೈರ್’ ಪ್ರಕರಣ ನೆನಪಿರಬೇಕು. ಕಾರ್ಪೊರೇಟ್ ಒಡೆತನದಿಂದ ದೂರ ಉಳಿದ ನಮ್ಮ ದೇಶದ ಆ ಸುದ್ದಿತಾಣ, ಮೆಟಾ ಕಂಪನಿ ಆಡಳಿತ ಪಕ್ಷದ ನಾಯಕರೊಬ್ಬರಿಗೆ ಇನ್‌ಸ್ಟಾಗ್ರಾಂನಲ್ಲಿ ವಿಶೇಷ ಅಧಿಕಾರ ಕೊಟ್ಟಿದೆ ಎಂಬ ಸರಣಿ ವರದಿ ಪ್ರಕಟಿಸಿತು. ಮೆಟಾ ನಿರಾಕರಿಸಿತು. ವೈರ್ ಒಂದು ಇಮೇಲ್ ತೋರಿಸಿ, ಅದು ಅಸಲಿಯೆಂದು ಹೊರಗಿನ ತಜ್ಞರೇ ಖಚಿತಪಡಿಸಿದ್ದಾರೆ ಎಂದಿತು. ಆ ತಜ್ಞರು ತಾವು ಅಂಥದ್ದೇನೂ ಮಾಡಿಲ್ಲ ಎಂದಾಗ ಕಟ್ಟಡ ಕುಸಿಯಿತು. ವೈರ್ ವರದಿಗಳನ್ನು ಹಿಂತೆಗೆದುಕೊಂಡು ಓದುಗರ ಕ್ಷಮೆ ಕೇಳಿತು. ತಜ್ಞರ ಹೆಸರು ಕಡತದಲ್ಲಿ ಇದ್ದರೆ ಸಾಲದು. ಅಚ್ಚಿಗೆ ಕಳಿಸುವ ಸಂಪಾದಕ ಖುದ್ದಾಗಿ ಅವರ ದನಿ ಕೇಳಬೇಕು. ಸುದ್ದಿ ತಂದವನೇ ತನ್ನ ಸುದ್ದಿಗೆ ಸಾಕ್ಷಿಯನ್ನೂ ಕರೆತರುವ ಏರ್ಪಾಡು ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ತಪ್ಪಾದ ಮೇಲೆ ಏನು ಮಾಡಬೇಕು? ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ 1936ರಿಂದ ನಡೆದುಬಂದ ಪತ್ರಿಕೆ. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಪರೀಕ್ಷಿಸುವ ವಸ್ತುವನ್ನು ಗಿರಾಕಿಯಂತೆ ಅಂಗಡಿಯಿಂದಲೇ ಕೊಳ್ಳುತ್ತದೆ. 2007ರ ಜನವರಿಯಲ್ಲಿ ಅದು ಕಾರಿನಲ್ಲಿ ಕೂಸುಗಳನ್ನು ಕೂರಿಸುವ ಹನ್ನೆರಡು ಬಗೆಯ ಸೀಟುಗಳನ್ನು ಪರೀಕ್ಷಿಸಿ, ಹೆಚ್ಚಿನವು ಅಪಾಯಕಾರಿ ಎಂದು ಬರೆಯಿತು. ತಾಯಂದಿರು ಗಾಬರಿಬಿದ್ದರು. ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಅದೇ ಪರೀಕ್ಷೆಯನ್ನು ತಾನೂ ಮಾಡಿ ನೋಡಿದಾಗ, ಗಂಟೆಗೆ 38 ಮೈಲಿ ವೇಗದ ಅಡ್ಡ ಡಿಕ್ಕಿ ಎಂದು ಹೇಳಿದ್ದು ನಿಜಕ್ಕೂ 70 ಮೈಲಿಯ ಡಿಕ್ಕಿಗೆ ಸಮವಾಗಿತ್ತೆಂದು ತಿಳಿಯಿತು. ಪರೀಕ್ಷೆ ಹೊರಗಿನ ಪ್ರಯೋಗಾಲಯದಲ್ಲಿ ನಡೆದಿತ್ತು, ಪತ್ರಿಕೆಯಲ್ಲಿ ಅದನ್ನು ಮರುತೂಗಿದವರಿರಲಿಲ್ಲ. ಎರಡು ವಾರದಲ್ಲಿ ಪತ್ರಿಕೆ ವರದಿಯನ್ನು ಹಿಂತೆಗೆದುಕೊಂಡಿತು. ಅಷ್ಟಕ್ಕೇ ನಿಲ್ಲಿಸದೆ, ಎಲ್ಲಿ ಎಡವಿದೆವೆಂದು ಹುಡುಕಲು ಹೊರಗಿನ ತಜ್ಞರನ್ನು ನೇಮಿಸಿ, ಅವರ ಟೀಕೆಗಳನ್ನೂ ತನ್ನ ಓದುಗರ ಮುಂದಿಟ್ಟಿತು. ಹೋಲಿಕೆಗೆ ವೈದ್ಯಕೀಯ ಜರ್ನಲ್ ‘ಲ್ಯಾನ್ಸೆಟ್’ ಇದೆ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ, ಹನ್ನೆರಡೇ ಮಕ್ಕಳನ್ನು ನೋಡಿ ಬರೆದ 1998ರ ಪ್ರಬಂಧವನ್ನು ಅದು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ಬ್ರಯಾನ್ ಡೀರ್ ಎಂಬ ಪತ್ರಕರ್ತ ವರ್ಷಗಟ್ಟಲೆ ಬೆನ್ನು ಹತ್ತದಿದ್ದರೆ ಇನ್ನೂ ತಡವಾಗುತ್ತಿತ್ತೇನೋ.

ನಮ್ಮಲ್ಲಿ ತಿದ್ದುಪಡಿ ಎಂದರೆ ಒಳಪುಟದ ಮೂಲೆಯ ಎರಡು ಸಾಲು. 2024ರ ಏಪ್ರಿಲ್‌ನಲ್ಲಿ ಪತಂಜಲಿ ಕಂಪನಿಯ ದಾರಿ ತಪ್ಪಿಸುವ ಜಾಹೀರಾತುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ಷಮಾಪಣೆಯ ಜಾಹೀರಾತು ಮೂಲ ಜಾಹೀರಾತಿನಷ್ಟೇ ದೊಡ್ಡದಿದೆಯೇ ಎಂದು ಕೇಳಿತು. ಆ ಪ್ರಶ್ನೆ ಕಂಪನಿಗೆ ಮಾತ್ರ ಏಕೆ? ರೋಗ ವಾಸಿ ಮಾಡುವ ಭರವಸೆಗಳನ್ನು ಅಚ್ಚು ಹಾಕಿದಾಗಲೂ ಪತ್ರಿಕೆಗಳಿಗೆ ದುಡ್ಡು ಬಂತು, ಕ್ಷಮಾಪಣೆ ಅಚ್ಚು ಹಾಕಿದಾಗಲೂ ಬಂತು. ಆರೋಗ್ಯ ಪುಟದಲ್ಲಿ ಜಾಹೀರಾತೂ ಲೇಖನವೂ ಒಂದೇ ಅಕ್ಷರಶೈಲಿಯಲ್ಲಿ ಅಕ್ಕಪಕ್ಕ ಕೂತಿದ್ದರೆ ಓದುಗ ಯಾವುದನ್ನು ನಂಬಬೇಕು?

ಕನ್ನಡಕ್ಕೆ ಈ ಚರ್ಚೆ ಹೊಸದಲ್ಲ. 1918ರಲ್ಲಿ ಬೆಂಗಳೂರಿನಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಶುರುಮಾಡಿದ ಬೆಳ್ಳಾವೆ ವೆಂಕಟನಾರಣಪ್ಪ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ತಜ್ಞರೇ ಸಂಪಾದಕರ ಕುರ್ಚಿಯಲ್ಲಿದ್ದರು. ಪತ್ರಿಕೆ ನಡೆದದ್ದು ಎರಡೇ ವರ್ಷ, ಆ ಮಾತು ಬೇರೆ. ಪುತ್ತೂರಿನ ‘ಅಡಿಕೆ ಪತ್ರಿಕೆ’ ಇನ್ನೊಂದು ದಾರಿ ಕಂಡುಕೊಂಡಿತು. ಕೃಷಿಕರ ಅನುಭವ ಬರೆದು ಕೊನೆಯಲ್ಲಿ ಅವರ ಫೋನ್ ನಂಬರ್ ಹಾಕುವ ಪದ್ಧತಿ ಅದರದ್ದು. ಹೊಸ ಯಂತ್ರ ಚೆನ್ನಾಗಿದೆ ಎಂದು ಓದಿದವನು ಅದನ್ನು ಬಳಸಿದವನಿಗೇ ಫೋನ್ ಹಚ್ಚಿ ‘ರಿಪೇರಿ ಎಷ್ಟು ಬರ್ತದೆ ಮಾರಾಯ್ರೆ?’ ಎಂದು ವಿಚಾರಿಸಬಹುದು. ಸುಳ್ಳು ಬರೆದರೆ ಬಹಳ ದಿನ ಬದುಕುವುದಿಲ್ಲ.

ದಿನಪತ್ರಿಕೆಗಳ ಡೆಸ್ಕಿನಲ್ಲಿ ಪರಿಸ್ಥಿತಿ ಬೇರೆ. ಸಂಜೆಯ ಗಡಿಬಿಡಿಯಲ್ಲಿ ಇಂಗ್ಲಿಷ್ ಏಜೆನ್ಸಿಯ ಸುದ್ದಿ ಕನ್ನಡಕ್ಕೆ ಬರುವಾಗ ‘ಇಲಿಗಳಲ್ಲಿ’ ಎಂಬುದು ಶೀರ್ಷಿಕೆಯಿಂದ ಉದುರಿಹೋಗುತ್ತದೆ, ‘ಇರಬಹುದು’ ಎಂಬುದು ‘ಇದೆ’ ಆಗುತ್ತದೆ. ತಜ್ಞರಿಗೆ ಫೋನ್ ಮಾಡಲು ಪುರುಸೊತ್ತಿಲ್ಲ ಎಂಬುದು ಮಾಮೂಲಿ ಸಮಜಾಯಿಷಿ. ಆದರೆ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಎನ್‌ಸಿಬಿಎಸ್, ನಿಮ್ಹಾನ್ಸ್, ಕೋರಮಂಗಲದ ಖಭೌತ ಸಂಸ್ಥೆ ಎಲ್ಲ ಒಂದೇ ಊರಿನಲ್ಲಿವೆ. ಕನ್ನಡದಲ್ಲಿ ವಿವರಿಸಬಲ್ಲವರೂ ಅಲ್ಲಿದ್ದಾರೆ. ಅವರು ಹಿಂಜರಿಯುವುದು ತಮ್ಮ ಮಾತು ತಿರುಚಿ ಬರುತ್ತದೆಂಬ ಭಯಕ್ಕೆ. ಹಾಗೆಂದು ಇಡೀ ಲೇಖನವನ್ನು ಅವರಿಗೆ ಮೊದಲೇ ತೋರಿಸುವುದು ಸರಿಯಲ್ಲ, ಆಗ ಸಂಪಾದಕನ ಪೆನ್ನು ಅವರ ಕೈಗೆ ಹೋಗುತ್ತದೆ. ಅವರ ಹೇಳಿಕೆಯನ್ನೂ ಅಂಕಿಗಳನ್ನೂ ಫೋನಿನಲ್ಲಿ ಓದಿ ಹೇಳಿದರೆ ಸಾಕು.

ಆರಂಭಕ್ಕೆ ಆರೋಗ್ಯ ಪುಟವನ್ನೇ ಆರಿಸಿಕೊಳ್ಳಬಹುದು. ಪ್ರತಿ ವರದಿಯ ಅಡಿಯಲ್ಲಿ ಮೂರು ಸಾಲು: ಅಧ್ಯಯನದಲ್ಲಿ ಎಷ್ಟು ಜನ ಇದ್ದರು, ದುಡ್ಡು ಕೊಟ್ಟವರು ಯಾರು, ಅಧ್ಯಯನಕ್ಕೆ ಸಂಬಂಧಪಡದ ಯಾವ ತಜ್ಞರನ್ನು ಪತ್ರಿಕೆ ಕೇಳಿತು. ಯಾರನ್ನೂ ಕೇಳಿಲ್ಲದಿದ್ದರೆ ‘ಯಾರನ್ನೂ ಕೇಳಿಲ್ಲ’ ಎಂದೇ ಅಚ್ಚಾಗಲಿ. ಆ ಸಾಲು ವಾರದಲ್ಲಿ ಎಷ್ಟು ಸಲ ಬಂತೆಂದು ಓದುಗರು ಎಣಿಸತೊಡಗಿದರೆ, ಡೆಸ್ಕಿನಲ್ಲಿ ಫೋನ್ ಮಾಡಲು ಪುರುಸೊತ್ತು ಸಿಗಬಹುದು.