ಹಸಿರು ಆವರಣದ ಶ್ರೇಯಾಂಕ ಮತ್ತು ಬಯಲುಸೀಮೆಯ ನಾಲ್ಕು ತಾಲ್ಲೂಕುಗಳು

ಉನ್ನತ ಶಿಕ್ಷಣ ಸಂಸ್ಥೆಗಳನ್ನು ಬೋಧನೆ, ಸಂಶೋಧನೆ ಹಾಗೂ ಫಲಿತಾಂಶಗಳ ಆಧಾರದ ಮೇಲೆ ಅಳೆಯುವ ಪದ್ಧತಿಯು ಹಳೆಯದು. ಸಂಸ್ಥೆಯೊಂದು ತನ್ನ ಆವರಣದಲ್ಲಿ ನೀರು, ವಿದ್ಯುತ್, ತ್ಯಾಜ್ಯ ಹಾಗೂ ಸಸ್ಯಸಂಪತ್ತನ್ನು ಹೇಗೆ ನಿರ್ವಹಿಸುತ್ತಿದೆ ಎಂಬುದನ್ನು ಅಳೆದು ಸ್ಥಾನ ನೀಡುವ ಪದ್ಧತಿಯು ಇತ್ತೀಚಿನದು. ಇಂಡೋನೇಷ್ಯಾ ವಿಶ್ವವಿದ್ಯಾಲಯವು 2010ರಲ್ಲಿ ಆರಂಭಿಸಿದ 'ಗ್ರೀನ್‌ಮೆಟ್ರಿಕ್' ಶ್ರೇಯಾಂಕವು ಈ ದಿಸೆಯಲ್ಲಿ ಮೊದಲ ಪ್ರಮುಖ ಪ್ರಯತ್ನವಾಗಿದೆ. ಆ ಬಳಿಕ ಬ್ರಿಟನ್ನಿನ ಟೈಮ್ಸ್ ಹೈಯರ್ ಎಜುಕೇಷನ್ ಸಂಸ್ಥೆಯು 2019ರಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಆಧರಿಸಿದ ಶ್ರೇಯಾಂಕವನ್ನೂ, ಕ್ಯೂಎಸ್ ಸಂಸ್ಥೆಯು 2022ರಲ್ಲಿ ಸುಸ್ಥಿರತೆಯ ಪ್ರತ್ಯೇಕ ಪಟ್ಟಿಯನ್ನೂ ಹೊರತಂದವು. ಭಾರತದಲ್ಲಿ 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಚೌಕಟ್ಟಿನಲ್ಲಿ (ಎನ್.ಐ.ಆರ್.ಎಫ್.) ಸುಸ್ಥಿರ ಅಭಿವೃದ್ಧಿ ಗುರಿಗಳ ವಿಭಾಗವು 2025ರಲ್ಲಿ ಸೇರ್ಪಡೆಯಾಗಿದ್ದು, ಮದ್ರಾಸ್ ಐ.ಐ.ಟಿ.ಯು ಅದರ ಪ್ರಥಮ ಸ್ಥಾನವನ್ನು ಪಡೆದಿದೆ.

ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಶಾಲಾ ಆಡಳಿತದ ದೃಷ್ಟಿಯಿಂದ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಈ ಶಾಲೆಗಳಿಂದ ಹೊರಬರುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಪದವಿ ಶಿಕ್ಷಣದ ಬಾಗಿಲು ಎಂದರೆ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಇವು 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳು. ವಿಶ್ವವಿದ್ಯಾಲಯದ ಹಳೆಯ ಆವರಣವು ತುಮಕೂರು ನಗರದ ಬಿ.ಎಚ್. ರಸ್ತೆಯಲ್ಲಿಯೂ, ಹೊಸ ಆವರಣವು ಬಿದರಕಟ್ಟೆಯಲ್ಲಿಯೂ ಇವೆ. ಆವರಣವನ್ನು ಅಳೆಯುವ ಶ್ರೇಯಾಂಕಗಳು ನೋಡುವುದು ವಿಶ್ವವಿದ್ಯಾಲಯದ ಇಂತಹ ಸ್ವಂತ ಆವರಣಗಳನ್ನೇ ಹೊರತು, ಸಂಯೋಜಿತ ಕಾಲೇಜುಗಳ ಅಂಗಳವನ್ನಲ್ಲ. ಹೀಗಾಗಿ ಪಾವಗಡದ ಕಾಲೇಜಿನಲ್ಲಿ ನಲ್ಲಿ ಸೋರಿದರೂ, ಸೋರಿಕೆ ನಿಂತರೂ ವಿಶ್ವವಿದ್ಯಾಲಯದ ಸ್ಥಾನದಲ್ಲಿ ವ್ಯತ್ಯಾಸವಾಗುವುದಿಲ್ಲ.

ಅಂಕಗಳ ಹಂಚಿಕೆ

ಗ್ರೀನ್‌ಮೆಟ್ರಿಕ್ ಪದ್ಧತಿಯಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಹಂಚಿಕೆಯ ಪ್ರಕಾರ ಇಂಧನ ಮತ್ತು ಹವಾಮಾನ ಬದಲಾವಣೆಗೆ ಶೇಕಡ 21, ತ್ಯಾಜ್ಯ ನಿರ್ವಹಣೆಗೆ 18, ಸಾರಿಗೆಗೆ 18, ಶಿಕ್ಷಣ ಮತ್ತು ಸಂಶೋಧನೆಗೆ 18, ಆವರಣ ಮತ್ತು ಮೂಲಸೌಕರ್ಯಕ್ಕೆ 15 ಹಾಗೂ ನೀರಿಗೆ 10 ಅಂಕಗಳನ್ನು ನಿಗದಿಪಡಿಸಲಾಗಿತ್ತು. ಆರು ಬಾಬುಗಳಲ್ಲಿ ಅತಿ ಕಡಿಮೆ ಪಾಲು ನೀರಿನದು. ಈ ಪಟ್ಟಿಯಲ್ಲಿ 2017ರಿಂದ ಸತತವಾಗಿ ಹಲವು ವರ್ಷ ಅಗ್ರಸ್ಥಾನದಲ್ಲಿದ್ದುದು ನೆದರ್ಲೆಂಡ್ಸ್ ದೇಶದ ವಾಗನಿಂಗನ್ ವಿಶ್ವವಿದ್ಯಾಲಯ. ಆ ದೇಶದ ಸುಮಾರು ಕಾಲು ಭಾಗದಷ್ಟು ನೆಲವು ಸಮುದ್ರ ಮಟ್ಟಕ್ಕಿಂತ ಕೆಳಗಿದ್ದು, ನೀರನ್ನು ಹೊರಹಾಕುವುದೇ ಅಲ್ಲಿ ಶತಮಾನಗಳ ಕಾಯಕವಾಗಿದೆ. ಕೊಳವೆ ಬಾವಿಯ ಆಳ ವರ್ಷ ವರ್ಷಕ್ಕೂ ಹೆಚ್ಚುತ್ತಿರುವ ಪ್ರದೇಶಕ್ಕೆ ಅದೇ ಹಂಚಿಕೆಯು ಹೊಂದುವುದೇ ಎಂಬ ಪ್ರಶ್ನೆ ಸಹಜ.

ನಮ್ಮ ಕಾಲೇಜುಗಳ ಮಟ್ಟಿಗೆ ಹೆಚ್ಚು ಪ್ರಸ್ತುತವಾದುದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ, 1994ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್. ಇದರ 2017ರ ಪರಿಷ್ಕೃತ ಚೌಕಟ್ಟಿನಲ್ಲಿ ಒಟ್ಟು 1000 ಅಂಕಗಳ ಪೈಕಿ ಏಳನೆಯ ಮಾನದಂಡಕ್ಕೆ 100 ಅಂಕಗಳಿದ್ದು, ಅದರಲ್ಲಿ 'ಸಾಂಸ್ಥಿಕ ಮೌಲ್ಯಗಳು ಮತ್ತು ಸಾಮಾಜಿಕ ಹೊಣೆಗಾರಿಕೆ' ಎಂಬ ಉಪವಿಭಾಗಕ್ಕೆ 50 ಅಂಕಗಳಿವೆ. ಲಿಂಗ ಸಮಾನತೆ, ಅಂಗವಿಕಲ ಸ್ನೇಹಿ ಸೌಲಭ್ಯ ಮುಂತಾದವುಗಳೊಂದಿಗೆ ಪರಿಸರವೂ ಈ 50ರಲ್ಲಿಯೇ ಪಾಲು ಪಡೆಯಬೇಕು. ನೀರಿನ ವಿಷಯದಲ್ಲಿ ಕೇಳಲಾಗಿದ್ದುದು ಮಳೆ ನೀರು ಕೊಯ್ಲು, ಕೊಳವೆ ಬಾವಿ ಅಥವಾ ತೆರೆದ ಬಾವಿಯ ಮರುಪೂರಣ, ಕೆರೆ-ಕಟ್ಟೆ-ಬದುಗಳ ನಿರ್ಮಾಣ, ತ್ಯಾಜ್ಯ ನೀರಿನ ಮರುಬಳಕೆ ಇತ್ಯಾದಿ ವ್ಯವಸ್ಥೆಗಳಲ್ಲಿ ಎಷ್ಟು ಲಭ್ಯವಿವೆ ಎಂಬುದನ್ನು. ಎಷ್ಟು ಲೀಟರ್ ಕೊಯ್ಲಾಯಿತು, ಎಷ್ಟು ಬಳಕೆಯಾಯಿತು ಎಂಬುದಕ್ಕೆ ಅಂಕವಿಲ್ಲ. ಛಾವಣಿಯಿಂದ ಇಳಿಸಿದ ಒಂದು ಪೈಪು, ಅದರ ಕೆಳಗೆ ಒಂದು ಗುಂಡಿ, ಎರಡು ಛಾಯಾಚಿತ್ರ: ಇಷ್ಟರಿಂದ ವ್ಯವಸ್ಥೆಯೊಂದು ದಾಖಲೆಗೆ ಸೇರುತ್ತದೆ. ಗುಂಡಿಯಲ್ಲಿ ಹೂಳು ತುಂಬಿ ಮೂರು ವರ್ಷವಾಗಿದ್ದರೂ ಛಾಯಾಚಿತ್ರದಲ್ಲಿ ಅದು ಕಾಣುವುದಿಲ್ಲ.

ಹಣಕಾಸಿನ ಲೆಕ್ಕಪರಿಶೋಧನೆಯಲ್ಲಿ ಆಸ್ತಿ ಇದೆಯೇ ಎಂದು ನೋಡುವುದು ಒಂದು ಹಂತ, ಅದರಿಂದ ವರಮಾನ ಬಂದಿದೆಯೇ ಎಂದು ನೋಡುವುದು ಇನ್ನೊಂದು ಹಂತ. ಹಸಿರು ಲೆಕ್ಕಪರಿಶೋಧನೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಕಾರ್ಯವು ಬಹುಪಾಲು ಮೊದಲನೆಯ ಹಂತದಲ್ಲಿಯೇ ನಿಂತಿದೆ ಎನ್ನಬೇಕಾಗುತ್ತದೆ. ಇದು ಕೇವಲ ಗೌರವದ ಪ್ರಶ್ನೆಯೂ ಅಲ್ಲ. 2013ರ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನದ ಕಾಲದಿಂದಲೂ ಅನುದಾನದ ವಿಚಾರದಲ್ಲಿ ನ್ಯಾಕ್ ಮಾನ್ಯತೆಯನ್ನು ಪರಿಗಣಿಸಲಾಗುತ್ತಿರುವುದರಿಂದ, ಸೀಮಿತ ಸಂಪನ್ಮೂಲದ ಕಾಲೇಜು ಅಂಕ ತರುವ ಬಾಬಿಗೇ ಮೊದಲು ಖರ್ಚು ಮಾಡುತ್ತದೆ. ಅಂಕ ತರುವ ಬಾಬು ಮತ್ತು ಊರಿಗೆ ಬೇಕಾದ ಬಾಬು ಬೇರೆ ಬೇರೆಯಾದಾಗ ನಷ್ಟವಾಗುವುದು ವಿದ್ಯಾರ್ಥಿಗಳಿಗೆ.

ಹುಲ್ಲುಹಾಸಿನ ಲೆಕ್ಕ

ಹಸಿರು ಎಂದೊಡನೆ ಕಣ್ಣಿಗೆ ಕಟ್ಟುವುದು ಕಟ್ಟಡದ ಮುಂದಿನ ಹುಲ್ಲುಹಾಸು. ಪರಿಶೀಲನಾ ತಂಡವು ಆಗಮಿಸುವ ವಾರದಲ್ಲಿ ನರ್ಸರಿಯಿಂದ ಕುಂಡಗಳು ಬಂದಿಳಿಯುವುದು ರಾಜ್ಯದ ಹಲವೆಡೆ ಕಂಡುಬರುವ ದೃಶ್ಯ. ಒಣಹವೆಯ ಬೇಸಿಗೆಯಲ್ಲಿ ಹುಲ್ಲುಹಾಸನ್ನು ಹಸಿರಾಗಿ ಉಳಿಸಿಕೊಳ್ಳಲು ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕೆಂದು ಇಟ್ಟುಕೊಂಡರೆ, ಒಂದು ಎಕರೆಗೆ ಅಂದಾಜು 20,000 ಲೀಟರ್ ಆಗುತ್ತದೆ. ಗ್ರಾಮೀಣ ಕುಡಿಯುವ ನೀರಿಗೆ ಜಲ ಜೀವನ್ ಮಿಷನ್ ಗೊತ್ತುಪಡಿಸಿರುವ ಪ್ರಮಾಣವು ತಲಾ ದಿನಕ್ಕೆ 55 ಲೀಟರ್. ಅಂದರೆ ಒಂದು ಎಕರೆ ಹುಲ್ಲುಹಾಸು ಕುಡಿಯುವ ನೀರು ಸುಮಾರು 360 ಜನರ ಒಂದು ದಿನದ ಪಾಲಿಗೆ ಸಮ. ಶ್ರೇಯಾಂಕದ ನಮೂನೆಯಲ್ಲಿ ಆ ಎಕರೆಯು 'ಹಸಿರು ಪ್ರದೇಶ'ದ ಜಮೆಗೆ ಬರುತ್ತದೆ. ಖರ್ಚಿನ ಕಡೆ ಬರೆಯುವ ಕಲಂ ಇಲ್ಲ.

ಈ ಭಾಗದ ನೈಸರ್ಗಿಕ ಸಂಪತ್ತಿನ ಸ್ವರೂಪವೂ ಬೇರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಸುತ್ತ ಕೃಷ್ಣಮೃಗಗಳು ನೆಲೆಸಿರುವ 798 ಎಕರೆ ಪ್ರದೇಶವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದು ಬಯಲು ಹುಲ್ಲುಗಾವಲು. ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗುವುದೇ ಅದರ ಗುಣ. ದಟ್ಟವಾಗಿ ಮರ ನೆಟ್ಟರೆ ಕೃಷ್ಣಮೃಗಕ್ಕೆ ಅನನುಕೂಲವೇ ಆಗುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ. ಅವುಗಳನ್ನು ಕಾಯುತ್ತಿರುವವರು ಆ ಊರಿನ ಜನರೇ. ಹೊಂಗೆ, ಬೇವು, ಹುಣಸೆಗಳು ಒಮ್ಮೆ ಬೇರು ಬಿಟ್ಟರೆ ಮಳೆಯನ್ನೇ ನಂಬಿ ಬದುಕಬಲ್ಲವು. ನೆಟ್ಟ ಸಸಿಗಳ ಸಂಖ್ಯೆಯನ್ನು ಕೇಳುವ ನಮೂನೆಯು ಮೂರನೆಯ ವರ್ಷ ಉಳಿದ ಸಸಿಗಳ ಸಂಖ್ಯೆಯನ್ನೂ, ಅವುಗಳ ಜಾತಿಯನ್ನೂ ಕೇಳಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಫ್ಲೋರೈಡ್ ಮತ್ತು ಛಾವಣಿಯ ನೀರು

ಪಾವಗಡದಲ್ಲಿ ನೀರಿನ ಪ್ರಶ್ನೆಯು ಪ್ರಮಾಣದ್ದಷ್ಟೇ ಅಲ್ಲ, ಗುಣಮಟ್ಟದ್ದು ಕೂಡ. ಭಾರತೀಯ ಮಾನಕ ಬ್ಯೂರೋದ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಇದನ್ನು ಮೀರಿದ ನೀರನ್ನು ಬಾಲ್ಯದಿಂದಲೂ ಕುಡಿದವರಲ್ಲಿ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗುವುದು, ದೀರ್ಘಕಾಲದಲ್ಲಿ ಮೂಳೆ ಮತ್ತು ಕೀಲುಗಳು ಬಿಗಿದುಕೊಳ್ಳುವುದು ಪಾವಗಡದ ಜನರಿಗೆ ಅಪರಿಚಿತವಾದ ಸಂಗತಿಗಳಲ್ಲ. ತುಂಗಭದ್ರಾ ಜಲಾಶಯದ ಹಿನ್ನೀರಿನಿಂದ ಈ ತಾಲ್ಲೂಕಿಗೆ ಕುಡಿಯುವ ನೀರು ತರುವ ಯೋಜನೆಯನ್ನು ಕೈಗೆತ್ತಿಕೊಂಡ ಹಿನ್ನೆಲೆಯೂ ಇದೇ.

ಈ ಸ್ಥಿತಿಯಲ್ಲಿ ಸಂಸ್ಥೆಗಳು ಸಾಮಾನ್ಯವಾಗಿ ಆರ್.ಒ. ಶುದ್ಧೀಕರಣ ಘಟಕವನ್ನು ಅಳವಡಿಸುತ್ತವೆ. ಕುಡಿಯಲು ಅದು ಸುರಕ್ಷಿತ. ಆದರೆ ಘಟಕದ ಸ್ಥಿತಿಯನ್ನು ಅನುಸರಿಸಿ ಒಂದು ಲೀಟರ್ ಶುದ್ಧ ನೀರಿಗೆ ಒಂದರಿಂದ ಮೂರು ಲೀಟರ್ ನೀರು ಹೊರಹೋಗುತ್ತದೆ. ಕೊಳವೆ ಬಾವಿಯ ನೀರಿನಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಇದ್ದು, ಅರ್ಧ ನೀರು ಶುದ್ಧವಾಗಿ ಅರ್ಧ ಹೊರಬಂದರೆ, ಹೊರಬಂದ ನೀರಿನಲ್ಲಿ ಅದು 4 ಮಿಲಿಗ್ರಾಂಗೆ ಸಮೀಪವಾಗುತ್ತದೆ. ಈ ನೀರನ್ನು ಶೌಚಾಲಯಕ್ಕೆ ಬಳಸಿದರೆ ಉಳಿತಾಯ. ಅದೇ ನೀರನ್ನು ಮರುಪೂರಣ ಗುಂಡಿಗೆ ಬಿಟ್ಟು 'ತ್ಯಾಜ್ಯ ನೀರಿನ ಮರುಬಳಕೆ' ಎಂದು ನಮೂದಿಸಿದರೆ, ಅಂಕ ಬರುವುದು ಕಾಲೇಜಿಗೆ, ಫ್ಲೋರೈಡ್ ಮರಳುವುದು ನೆರೆಯವರ ಬಾವಿಗೆ.

ಛಾವಣಿಯ ಮೇಲೆ ಬೀಳುವ ಮಳೆ ನೀರಿನಲ್ಲಿ ಈ ತೊಡಕಿಲ್ಲ. 1,000 ಚದರ ಮೀಟರ್ ಛಾವಣಿ, ವರ್ಷಕ್ಕೆ 500 ಮಿ.ಮೀ. ಮಳೆ, ಅದರಲ್ಲಿ ಶೇಕಡ 80ರಷ್ಟು ಕೈಗೆ ಸಿಗುತ್ತದೆ ಎಂದು ಇಟ್ಟುಕೊಂಡರೆ 4 ಲಕ್ಷ ಲೀಟರ್ ಆಗುತ್ತದೆ. 1,000 ವಿದ್ಯಾರ್ಥಿಗಳಿಗೆ ದಿನಕ್ಕೆ ತಲಾ 2 ಲೀಟರಿನಂತೆ 200 ಕೆಲಸದ ದಿನಗಳಿಗೆ ಬೇಕಾಗುವ ಕುಡಿಯುವ ನೀರು ಕೂಡ 4 ಲಕ್ಷ ಲೀಟರ್. ಕಾಗದದ ಮೇಲೆ ಸರಿಹೊಂದುವ ಈ ಲೆಕ್ಕವು ಅಂಗಳದಲ್ಲಿ ಅಷ್ಟು ಸುಲಭವಲ್ಲ: ಮಳೆಯು ಕೆಲವೇ ವಾರಗಳಲ್ಲಿ ಸುರಿಯುತ್ತದೆ, ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡಬೇಕು, ತೊಟ್ಟಿ ಎಷ್ಟು ಹಿಡಿಯುತ್ತದೆಯೋ ಅಷ್ಟೇ ಉಳಿಯುತ್ತದೆ. 50,000 ಲೀಟರಿನ ನೆಲತೊಟ್ಟಿಯು ಒಮ್ಮೆ ತುಂಬಿದರೆ 25 ದಿನ ನಡೆಸಬಹುದು, 20 ಮಿ.ಮೀ.ನ ಒಂದು ಹದ ಮಳೆಗೆ ಅದಕ್ಕೆ 16,000 ಲೀಟರ್ ಸೇರುತ್ತದೆ. ಶಿರಾದಂತೆ ಹೇಮಾವತಿ ನಾಲೆಯ ನೀರು ಕೆರೆಗೆ ಬರುವ ಊರಿಗೂ, ಕೊರಟಗೆರೆಯಂತೆ ಜಯಮಂಗಲಿ ಮತ್ತು ಸುವರ್ಣಮುಖಿ ನದಿಗಳ ಸೀಮೆಗೂ ಈ ಸಂಖ್ಯೆಗಳು ಸ್ವಲ್ಪ ಬದಲಾಗುತ್ತವೆ. ಲೆಕ್ಕದ ವಿಧಾನ ಬದಲಾಗುವುದಿಲ್ಲ.

ವಿದ್ಯುತ್ ಮತ್ತು ಬಸ್ಸು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಮೊದಲ ಹಂತವು 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡು, 2019ರ ಅಂತ್ಯಕ್ಕೆ ಪೂರ್ಣ ಸಾಮರ್ಥ್ಯ ತಲುಪಿತು. ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವಾರ್ಷಿಕ 21,000 ರೂಪಾಯಿಯಿಂದ ಆರಂಭಿಸಿ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಆದರೆ ಶ್ರೇಯಾಂಕದ ಪ್ರಶ್ನಾವಳಿಯು ಕೇಳುವುದು ಆವರಣದೊಳಗಿನ ನವೀಕರಿಸಬಹುದಾದ ಇಂಧನದ ಮೂಲಗಳನ್ನು ಮಾತ್ರ. ತಮ್ಮ ಹೊಲಗಳನ್ನೇ ಸೌರ ಫಲಕಗಳಿಗೆ ಬಿಟ್ಟುಕೊಟ್ಟ ಮನೆತನಗಳ ಮಕ್ಕಳು ಓದುವ ಕಾಲೇಜಿಗೆ, ಛಾವಣಿಯಲ್ಲಿ ಫಲಕವಿಲ್ಲದ ಕಾರಣ ಸೊನ್ನೆ ಬರಬಹುದು. ನಿಯಮದ ದೃಷ್ಟಿಯಿಂದ ಇದು ಸರಿ. ಆದರೂ ವಿಚಿತ್ರವೆನಿಸದೆ ಇರದು.

ಸಾರಿಗೆಯ ವಿಷಯವೂ ಇಂತಹುದೇ. ಆವರಣದೊಳಗೆ ವಾಹನಗಳನ್ನು ನಿರ್ಬಂಧಿಸುವ ನೀತಿಗೆ ಅಂಕವಿದೆ. ನಾಲ್ಕು ತಾಲ್ಲೂಕುಗಳ ಬಹುಪಾಲು ವಿದ್ಯಾರ್ಥಿಗಳಿಗೆ ಸಾರಿಗೆ ಸಂಸ್ಥೆಯ ಬಸ್ಸೇ ಆಧಾರ; 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಬಳಿಕ ವಿದ್ಯಾರ್ಥಿನಿಯರಿಗೆ ಆ ಪ್ರಯಾಣ ಉಚಿತವೂ ಆಗಿದೆ. ಕಾರುಗಳೇ ಬಾರದ ಅಂಗಳಕ್ಕೆ ಕಾರು ನಿರ್ಬಂಧದ ಸುತ್ತೋಲೆಯನ್ನು ಹೊರಡಿಸಿ ಕಡತಕ್ಕೆ ಸೇರಿಸಬೇಕಾಗುತ್ತದೆ.

ಅಳತೆಯನ್ನು ಯಾರು ಮಾಡಬೇಕು

ಶ್ರೇಯಾಂಕಗಳು ನಿರರ್ಥಕವೆಂದು ಇದರ ಅರ್ಥವಲ್ಲ. ನೀರಿನ ಮೀಟರ್, ಘನತ್ಯಾಜ್ಯದ ವಿಂಗಡಣೆ, ಪ್ಲಾಸ್ಟಿಕ್ ನಿಷೇಧ ಇವು ಅನೇಕ ಕಾಲೇಜುಗಳ ಕಾರ್ಯಸೂಚಿಗೆ ಬಂದುದು ಅಂಕಗಳ ಒತ್ತಡದಿಂದಲೇ ಎಂಬುದನ್ನು ಒಪ್ಪಬೇಕು. ಕೊರತೆಯಿರುವುದು ಸ್ಥಳೀಯ ಅಳತೆಯಲ್ಲಿ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ನಿರ್ದೇಶನ ಹಾಗೂ ತದನಂತರದ ಆದೇಶಗಳ ಮೇರೆಗೆ ಪರಿಸರ ಅಧ್ಯಯನವು ಪದವಿ ತರಗತಿಗಳಲ್ಲಿ ಕಡ್ಡಾಯ ವಿಷಯವಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಅದಕ್ಕಾಗಿ ರೂಪಿಸಿದ ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯಕ್ಕೆ ಸ್ಥಾನವಿದೆ. ಕ್ಷೇತ್ರಕಾರ್ಯವೆಂದರೆ ಸಿದ್ಧರಬೆಟ್ಟಕ್ಕೆ ಒಂದು ದಿನದ ಪ್ರವಾಸ, ಹಿಂತಿರುಗಿ ಹತ್ತು ಪುಟದ ವರದಿ ಎಂಬಂತಾಗಿರುವುದುಂಟು. ಅದೇ ಕ್ಷೇತ್ರಕಾರ್ಯದಲ್ಲಿ ಕಾಲೇಜಿನ ಕೊಳವೆ ಬಾವಿಯ ನೀರಿನ ಮಟ್ಟ, ಪಂಪು ನಡೆದ ಗಂಟೆಗಳು, ತೊಟ್ಟಿಗೆ ಬಂದ ಮಳೆ ನೀರು, ಆರ್.ಒ. ಘಟಕದಿಂದ ಹೊರಹೋದ ನೀರು ಇವುಗಳನ್ನು ವರ್ಷವಿಡೀ ಒಂದು ವಹಿಯಲ್ಲಿ ಬರೆದಿಡಬಹುದು. ಆರಂಭದ ಶಿಲ್ಕು, ಜಮೆ, ಖರ್ಚು, ಅಖೈರು ಶಿಲ್ಕು ಎಂಬ ನಾಲ್ಕು ಕಲಂಗಳು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ಹೊಸದಲ್ಲ. ನೀರಿನ ಪರೀಕ್ಷೆಯು ವಿಜ್ಞಾನ ವಿಭಾಗದವರ ಕೆಲಸವಾಗಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ನ್ಯಾಕ್‌ನ ಏಳನೆಯ ಮಾನದಂಡದಲ್ಲಿಯೇ 'ಉತ್ತಮ ಪರಿಪಾಠ'ಗಳಿಗೆ 30 ಅಂಕಗಳಿದ್ದು, ಇಂತಹ ವಹಿಯನ್ನು ಅಲ್ಲಿ ಧಾರಾಳವಾಗಿ ಮಂಡಿಸಬಹುದಾಗಿದೆ.

ಮೌಲ್ಯಾಂಕನಕ್ಕೆ ಒಳಪಡುವ ಕಾಲೇಜು ತನ್ನ ಸ್ವಯಂ ಅಧ್ಯಯನ ವರದಿ ಹಾಗೂ ವಾರ್ಷಿಕ ಗುಣಮಟ್ಟ ವರದಿಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕಾಗಿದ್ದು, ಪೋಷಕರು ಹಾಗೂ ಸಾರ್ವಜನಿಕರು ಇವುಗಳನ್ನು ಓದಬಹುದು. ಅಲ್ಲಿ ದೊರೆಯದ ಮಾಹಿತಿಯನ್ನು ಸರ್ಕಾರಿ ಕಾಲೇಜುಗಳಿಗೆ ಸಂಬಂಧಿಸಿದಂತೆ ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ಆಯಾ ಕಾಲೇಜಿನ ಸಾರ್ವಜನಿಕ ಮಾಹಿತಿ ಅಧಿಕಾರಿಯಿಂದ ಪಡೆಯಲು ಅವಕಾಶವಿದೆ. ಪಾವಗಡ ಅಥವಾ ಮಧುಗಿರಿಯ ನಾಗರಿಕರೊಬ್ಬರು ಅರ್ಜಿ ಸಲ್ಲಿಸುವುದಾದರೆ ಕೇಳಬೇಕಾದ ಅಂಶಗಳು ಮೂರು: ಕಾಲೇಜಿನ ಕುಡಿಯುವ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ, ಆ ಪರೀಕ್ಷೆಯಲ್ಲಿ ಕಂಡುಬಂದ ಫ್ಲೋರೈಡ್ ಪ್ರಮಾಣ, ಹಾಗೂ ಕಳೆದ ಮಳೆಗಾಲದಲ್ಲಿ ಸಂಗ್ರಹವಾದ ಮಳೆ ನೀರಿನ ಲೀಟರ್ ಲೆಕ್ಕ.