ಮೌಸ್ ಯಾರ ಕೈಲಿದೆ?

ನಿಮ್ಮ ಮನೇಲಿ ಟೀವಿ ರಿಮೋಟ್ ಯಾರ ಕೈಲಿರುತ್ತೆ? ನಮ್ಮಲ್ಲಂತೂ ಸಂಜೆ ಧಾರಾವಾಹಿ ಹೊತ್ತಿನ ಅರ್ಧ ಗಂಟೆ ನನ್ನದು, ಉಳಿದ ಹೊತ್ತೆಲ್ಲ ಮಗನದ್ದು, ಕ್ರಿಕೆಟ್ ಇದ್ದರೆ ಯಜಮಾನರದ್ದು. ಮಗಳಿಗೆ ರಿಮೋಟ್ ಸಿಗೋದು ಅದರ ಸೆಲ್ ಬದಲಾಯಿಸಬೇಕಾದಾಗ ಮಾತ್ರ! ನಗಬೇಡಿ, ಇದು ನಗುವ ವಿಷಯವಲ್ಲ ಅಂತ ನನಗೂ ಈಚೆಗಷ್ಟೇ ಗೊತ್ತಾಗಿದ್ದು.

ಬಿ.ಎ. ಮುಗಿಸಿದ ವರ್ಷವೇ ಮದುವೆ. ಆಮೇಲೆ ಮನೆ, ಮಕ್ಕಳು, ಆಗೊಮ್ಮೆ ಈಗೊಮ್ಮೆ ಪತ್ರಿಕೆಗೊಂದು ಬರಹ. ಮಗಳು ಹೈಸ್ಕೂಲಿಗೆ ಬಂದ ಮೇಲೆ ಧೈರ್ಯ ಮಾಡಿ ಬಿ.ಇಡಿ.ಗೆ ಸೇರಿದೆ. ಮೊದಲು ಒಂದೇ ವರ್ಷವಿದ್ದ ಕೋರ್ಸು 2015ರಿಂದ ಎರಡು ವರ್ಷವಾಗಿದೆ. ಯಲಹಂಕದಿಂದ ಬಸ್ಸು ಹತ್ತಿ, ಹೆಬ್ಬಾಳದ ಮೇಲ್ಸೇತುವೆ ಹತ್ತಿರ ನಿಂತೇ ಬಿಡುವ ಟ್ರಾಫಿಕ್ಕಿನಲ್ಲಿ ಪಾಠಯೋಜನೆ ಬರೆಯುವುದು ಈಗ ಅಭ್ಯಾಸವಾಗಿದೆ. ಕಂಪ್ಯೂಟರನ್ನು ಪಾಠಕ್ಕೆ ಬಳಸುವುದು ಹೇಗೆ ಅಂತ ನಮಗೆ ಒಂದು ವಿಷಯವೇ ಇದೆ. ಓರಗಿತ್ತಿ ಮಾತ್ರ, ‘ಎಲ್ಲಾ ಮೊಬೈಲೇ ಹೇಳಿಕೊಡುತ್ತೆ, ಈ ವಯಸ್ಸಲ್ಲಿ ನೀನ್ಯಾಕೆ ಟೀಚರ್ ಆಗಬೇಕು?’ ಅಂತಾಳೆ.

ಅವಳಿಗೆ ಕೊಡಬೇಕಾದ ಉತ್ತರ ಬೋಧನಾಭ್ಯಾಸಕ್ಕೆ ಹೋದಾಗ ಸಿಕ್ಕಿತು. ಏಳನೇ ತರಗತಿಯಲ್ಲಿ ಸ್ಮಾರ್ಟ್ ಬೋರ್ಡ್ ಇತ್ತು. ಕರ್ನಾಟಕದ ನದಿಗಳ ನಕ್ಷೆ ಹಾಕಿ, ‘ಕಾವೇರಿ ಎಲ್ಲಿದೆ, ಯಾರು ತೋರಿಸ್ತೀರಿ?’ ಅಂದೆ. ಮುಂದಿನ ಬೆಂಚಿನ ಹುಡುಗ ಓಡಿಬಂದ. ತುಂಗಭದ್ರೆಗೂ ಅವನೇ. ಶರಾವತಿಗೂ ಅವನೇ. ಪಾಠ ಚೆನ್ನಾಗಾಯ್ತು ಅಂತ ಖುಷಿಯಲ್ಲಿ ಕೂತಿದ್ದೆ. ಹಿಂದೆ ಕೂತು ನೋಡುತ್ತಿದ್ದ ಗೆಳತಿ ಮೆಲ್ಲಗೆ ಕೇಳಿದಳು, ‘ಒಂದಾದರೂ ಹುಡುಗಿ ಎದ್ದು ಬಂದಳೇನೇ?’ ಬಂದಿರಲಿಲ್ಲ. ಮೂರು ಸಲವೂ ಆ ಹುಡುಗನ ಕೈಗೆ ಪೆನ್ನು ಕೊಟ್ಟವಳು ನಾನೇ.

ಬೆಂಗಳೂರಿನಲ್ಲಿ ಇದನ್ನು ಮೊದಲೇ ಕಂಡುಕೊಂಡವರಿದ್ದಾರೆ. 2005ರಲ್ಲಿ ಇಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೊ ಟೊಯಾಮಾ ಮತ್ತು ಸಂಗಡಿಗರು ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಹೋಗಿ ನೋಡಿದರೆ, ಒಂದೇ ಕಂಪ್ಯೂಟರ್ ಸುತ್ತ ಐದಾರು ಮಕ್ಕಳು. ಮೌಸ್ ಮಾತ್ರ ಒಬ್ಬ ಜೋರಿನವನ ಕೈಯಲ್ಲಿ! ಉಳಿದವರು ಬಗ್ಗಿ ನೋಡುವವರು. ಅದಕ್ಕವರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪ್ರತಿ ಮಗುವಿಗೂ ಪರದೆ ಮೇಲೆ ಬೇರೆ ಬಣ್ಣದ ಬಾಣ ಕೊಟ್ಟರು. ಯಾರು ಮೊದಲು ಅನ್ನೋ ಪೈಪೋಟಿ ಇಟ್ಟಾಗ ಹುಡುಗರು ಯೋಚಿಸದೆ ಟಕಟಕ ಒತ್ತತೊಡಗಿದರಂತೆ. ಎಲ್ಲರೂ ಸರಿ ಉತ್ತರ ಒತ್ತಿದರಷ್ಟೇ ಮುಂದಿನ ಪ್ರಶ್ನೆ ಅಂತ ನಿಯಮ ಮಾಡಿದಾಗ ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿತರು. ಯಂತ್ರ ಅದೇ, ಬದಲಾಗಿದ್ದು ನಿಯಮ. ತಂತ್ರಜ್ಞಾನ ಇರುವುದನ್ನು ದೊಡ್ಡದು ಮಾಡುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ ಅನ್ನೋದು ಟೊಯಾಮಾ ಆಮೇಲೆ ತಮ್ಮ ಪುಸ್ತಕದಲ್ಲಿ ಹೇಳಿದ ಮಾತಿನ ಸಾರ. ಒಳ್ಳೆ ಟೀಚರ್ ಇದ್ದರೆ ಒಳ್ಳೆಯದು ಹೆಚ್ಚುತ್ತೆ, ತಾರತಮ್ಯ ಇದ್ದರೆ ತಾರತಮ್ಯವೇ ಹೆಚ್ಚುತ್ತೆ.

ನಂಬದಿದ್ದರೆ 2020 ನೆನಪಿಸಿಕೊಳ್ಳಿ. ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಬಂದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಅಂತ ಶಿಕ್ಷಕರು ದೇವಸ್ಥಾನದ ಜಗಲಿ, ಮರದ ನೆರಳು ಹುಡುಕಿಕೊಂಡು ಮಕ್ಕಳಿದ್ದಲ್ಲಿಗೇ ಹೋದರು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಅಂತ ಮಕ್ಕಳನ್ನು ಮೂರು ಗುಂಪು ಮಾಡಿಕೊಂಡಿದ್ದರು.

ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದಾಕೆಯ ಮಗಳು ಆಗ ಏಳನೇ ಕ್ಲಾಸು, ಮಗ ಹತ್ತನೇ ಕ್ಲಾಸು. ಲೆಕ್ಕಕ್ಕೆ ಅದು ಫೋನ್ ಇರುವ ಮನೆ. ಆದರೆ ಫೋನ್ ಒಂದೇ, ಅದು ಅಣ್ಣನ ಕೈಯಲ್ಲಿ. ‘ಅವನದ್ದು ಪಬ್ಲಿಕ್ ಪರೀಕ್ಷೆ ಅಲ್ವಾ ಅಕ್ಕ’ ಅಂದಿದ್ದಳು. ನಾನೂ ತಲೆಯಾಡಿಸಿದ್ದೆ. ಅದೇ ಹೊತ್ತಿಗೆ ನಮ್ಮ ಬೀರುವಿನ ಖಾನೆಯಲ್ಲಿ ಕೆಲಸ ಮಾಡುವ ಹಳೇ ಸ್ಮಾರ್ಟ್‌ಫೋನ್ ಒಂದು ಸುಮ್ಮನೆ ಬಿದ್ದಿತ್ತು. ಕೊಡೋಣ ಅಂತ ನನಗೆ ಹೊಳೆಯಲೇ ಇಲ್ಲ. ಶಾಲೆ ತೆರೆಯುವ ಹೊತ್ತಿಗೆ ಆ ಹುಡುಗಿ ತುಂಬಾ ಹಿಂದೆ ಬಿದ್ದಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಲಿಲ್ಲ, ಈಗ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ. ಎದುರು ಸಿಕ್ಕಾಗ ‘ಚೆನ್ನಾಗಿದೀರಾ ಆಂಟಿ?’ ಅಂತ ನಗುತ್ತಾಳೆ. ನನಗೆ ನಗು ಬರೋದಿಲ್ಲ.

ಹಾಗಂತ ನಾನು ತಂತ್ರಜ್ಞಾನದ ವಿರೋಧಿ ಅಲ್ಲ. 2017ರಲ್ಲಿ ಶುರುವಾದ ‘ದೀಕ್ಷಾ’ದಿಂದ ಎಷ್ಟು ಅನುಕೂಲವಾಗಿದೆ ನೋಡಿ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ಬರುತ್ತವೆ. ಹೃದಯ ಬಡಿಯೋದನ್ನು ಬೋರ್ಡಿನಲ್ಲಿ ಬರೆದು ತೋರಿಸಲಾಗದು, ವಿಡಿಯೊದಲ್ಲಿ ತೋರಿಸಬಹುದು. ಆದರೆ ಹಿಂದಿನ ಬೆಂಚಿನ ಮಗು ಯಾಕೆ ಕೈ ಎತ್ತುತ್ತಿಲ್ಲ ಅಂತ ಯಾವ ವಿಡಿಯೊವೂ ತಿರುಗಿ ನೋಡೋದಿಲ್ಲ. ನೋಡಬೇಕಾದವಳು ಟೀಚರ್. ಓರಗಿತ್ತಿಗೆ ನನ್ನ ಉತ್ತರ ಇಷ್ಟೇ.

ಮರುವಾರದ ಪಾಠದಲ್ಲಿ ಹಾಜರಿ ಪುಸ್ತಕ ಕೈಲಿಟ್ಟುಕೊಂಡು ಹೆಸರು ಕರೆದೆ. ಕೊನೆ ಬೆಂಚಿನ ಹುಡುಗಿಯೊಬ್ಬಳು ಬಂದು ನಡುಗುವ ಕೈಯಲ್ಲಿ ಕೃಷ್ಣೆಯ ಬದಲು ಭೀಮೆಯನ್ನು ಮುಟ್ಟಿದಳು. ಉತ್ತರ ತಪ್ಪೇ. ಆದರೂ ಅವತ್ತು ನನಗೆ ನಾನು ಟೀಚರ್ ಆಗಬಹುದು ಅನ್ನಿಸಿತು.

ಟೀಚರ್ ಆಗುವವರೆಗೂ ಕಾಯಬೇಕಿಲ್ಲ. ಮನೆಯಲ್ಲೇ ನಾವು ಮಾಡಬಹುದಾದ್ದು ಬಹಳ ಇದೆ.

* ಮುಂದಿನ ಪೋಷಕರ ಸಭೆಯಲ್ಲಿ ‘ಸ್ಮಾರ್ಟ್ ಕ್ಲಾಸ್ ಇದೆಯಾ?’ ಅಂತಷ್ಟೇ ಕೇಳಬೇಡಿ. ‘ನನ್ನ ಮಗು ವಾರಕ್ಕೆ ಎಷ್ಟು ಸಲ ಅದನ್ನು ಮುಟ್ಟುತ್ತೆ?’ ಅಂತ ಕೇಳಿ.

* ಮನೆಯ ಫೋನು, ಲ್ಯಾಪ್‌ಟಾಪಿಗೆ ಸರದಿ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಮಗಳ ಸರದಿ ಯಾವುದೇ ಕಾರಣಕ್ಕೂ ತಪ್ಪಬಾರದು.

* ಅತಿ ಬೇಡ. 2020ರಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ತರಗತಿಗೆ ಹಾಕಿದ ಮಿತಿ, ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30-45 ನಿಮಿಷದ ಎರಡು ಅವಧಿ. ಮನೆಗೂ ಅದು ಒಳ್ಳೆ ಅಳತೆ.

* ಮೊಬೈಲ್ ನೋಡಿ ಹೋಮ್‌ವರ್ಕ್ ಮುಗಿಸಿದ ಮಗುವಿಗೆ, ‘ಪುಸ್ತಕ ಮುಚ್ಚಿ ನನಗೆ ಅರ್ಥ ಆಗೋ ಹಾಗೆ ಹೇಳು’ ಅನ್ನಿ. ಹೇಳೋಕೆ ಬಂದರೆ ಕಲಿತಿದೆ ಅಂತ ಅರ್ಥ.

* ನಿಮ್ಮ ಬೀರುವಿನ ಖಾನೆಯನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ಒಂದು ಹಳೇ ಫೋನ್ ಇದ್ದರೂ ಇರಬಹುದು. ಅದು ಬೇಕಾದ ಮಗು ನಿಮ್ಮ ಬೀದಿಯಲ್ಲೇ ಇದ್ದೀತು.

ಅಂದಹಾಗೆ, ನಮ್ಮ ಮನೆ ರಿಮೋಟಿಗೂ ಈಗ ಸರದಿ ಬಂದಿದೆ. ಬುಧವಾರ, ಶನಿವಾರ ಮಗಳದ್ದು. ಧಾರಾವಾಹಿ ತಪ್ಪಿದರೂ ಪರವಾಗಿಲ್ಲ ಅಂತ ಸುಮ್ಮನಿದ್ದೇನೆ!